ಮಗುವಿಗೆ ನಾವಿಟ್ಟ ಹೆಸರು ಮನೆಯವರಿಗೆ ಹಿಡಿಸದಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳ ಹೆಸರು ಇಳಾ. ಈ ಎರಡಕ್ಷರಕ್ಕೆ ನಮ್ಮ ಮನೆಯಲ್ಲಿ ಆರು ತಿಂಗಳು ಮಾತು ನಡೆದಿದೆ, ಅದರಲ್ಲಿ ಅತ್ತದ್ದೂ ಉಂಟು. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರು, ಮಕ್ಕಳ ಹೆಸರು ರಿಜಿಸ್ಟರಿಗೆ ಬರುವಾಗ ಏನೇನಾಗಿ ಬರ್ತದೆ ಅಂತ ವರ್ಷವರ್ಷವೂ ನೋಡ್ತೇನೆ. ಹಾಗಾಗಿ ಯಾರ ಮನೆಯಲ್ಲಿ ಹೆಸರಿನ ತಕರಾರು ಎದ್ರೂ ನನ್ನ ಹತ್ರ ಒಂದು ಮಾತು ಕೇಳ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ, ಕುಂಬಳೆ ಬಸ್ಸಲ್ಲಿ, ರಾತ್ರಿ ಹನ್ನೊಂದು ಗಂಟೆಗೆ ಬರುವ ವಾಯ್ಸ್ ಮೆಸೇಜಲ್ಲಿ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಬರೆದಿದ್ದೇನೆ.

## ಹೆಸರು ಹೊರಗೆ ಬರುವ ಮೊದಲು

ಹೆಸರು ಮೊದಲೇ ಮನೆಯವರಿಗೆ ಹೇಳ್ಬೇಕಾ, ನಾಮಕರಣದ ದಿನ ಹೇಳಿದ್ರೆ ಸಾಕಾ?

ಎಲ್ಲರಿಗೂ ಮೊದಲೇ ಹೇಳ್ಬೇಡಿ, ಆದ್ರೆ ಅಜ್ಜ ಅಜ್ಜಿಯರಿಗೆ ಎರಡು ದಿನ ಮೊದಲು ಹೇಳಿ. ನಾನು ನೋಡಿದ ಮುನಿಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಸರಿನ ಮೇಲೆ ಅಲ್ಲವೇ ಅಲ್ಲ, "ಪುರೋಹಿತರು ಕೇಳುವಾಗ ಊರವರೊಟ್ಟಿಗೆ ನನಗೂ ಗೊತ್ತಾಯ್ತು" ಅನ್ನುವ ಸಂಕಟದ ಮೇಲೆ. ತಟ್ಟೆಯ ಅಕ್ಕಿಯಲ್ಲಿ ಚಿನ್ನದ ಉಂಗುರದಿಂದ ಹೆಸರು ಬರೆಯುವಾಗ ಅಜ್ಜಿ ಬಗ್ಗಿ ಓದುವ ಹಾಗೆ ಆಗಬಾರದು, ಅವರಿಗೆ ಮೊದಲೇ ಗೊತ್ತಿರಬೇಕು.

ಹೇಳುವ ಧಾಟಿ ಮುಖ್ಯ. "ಇಳಾ ಅಂತ ಇಡುವ ಅಂತ ಯೋಚನೆ, ಹೇಗುಂಟು?" ಅಂದ್ರೆ ನೀವು ಅಭಿಪ್ರಾಯ ಕೇಳಿದ ಹಾಗೆ, ಅವರು ಹೇಳಿಯೇ ಹೇಳ್ತಾರೆ, ಆಮೇಲೆ ನೀವು ಕೇಳದಿದ್ರೆ ಅವರ ಮಾತು ತೆಗೆದು ಹಾಕಿದ ಹಾಗೆ ಆಗ್ತದೆ. "ಇಳಾ ಅಂತ ಇಡ್ತಾ ಇದ್ದೇವೆ, ಹೊರಗಿನವರಿಗೆ ಹೇಳುವ ಮೊದಲು ನಿಮಗೆ ಹೇಳುವ ಅಂತ ಬಂದೆವು" ಅಂದ್ರೆ ಅದು ಸುದ್ದಿ. ನಾನು ಮೊದಲನೆಯ ರೀತಿ ಕೇಳಿ ತಪ್ಪು ಮಾಡಿದೆ, ಆರು ತಿಂಗಳು ಎಳೆದದ್ದು ಅದಕ್ಕೇ.

ಡಿಸ್ಚಾರ್ಜ್ ಆಗುವಾಗ್ಲೇ ಹೆಸರು ಕೊಡಿ ಅಂತ ಫಾರ್ಮ್ ಕೊಟ್ಟಿದ್ದಾರೆ, ಮನೆಯಲ್ಲಿ ಇನ್ನೂ ತೀರ್ಮಾನವೇ ಆಗಿಲ್ಲ, ಎಂತ ಮಾಡುದು?

ಹೆಸರಿನ ಜಾಗ ಖಾಲಿ ಬಿಡಿ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಹೆಸರಿಲ್ಲದೆಯೂ ಜನನ ನೋಂದಣಿ ಆಗ್ತದೆ. 21 ದಿನದೊಳಗೆ ಆಗಬೇಕಾದ್ದು ಜನನದ ನೋಂದಣಿ, ಹೆಸರಿಗೆ ಅಷ್ಟು ಅವಸರ ಇಲ್ಲ. ಹೆಸರನ್ನು 12 ತಿಂಗಳೊಳಗೆ ಫೀಸ್ ಇಲ್ಲದೆ ಸೇರಿಸಬಹುದು, ಅದು ದಾಟಿದ್ರೆ ಲೇಟ್ ಫೀಸ್ ಕಟ್ಟಿ 15 ವರ್ಷದವರೆಗೂ ಸೇರಿಸ್ಲಿಕ್ಕೆ ಅವಕಾಶ ಉಂಟು. ಹಾಗಂತ ಸುಮ್ಮನೆ ಮುಂದೂಡಬೇಡಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸುದರಿಂದ ಹಿಡಿದು ಲೈಸೆನ್ಸ್, ವೋಟರ್ ಲಿಸ್ಟ್, ಮದುವೆ ರಿಜಿಸ್ಟ್ರೇಶನ್ ತನಕ ಜನನ ಪ್ರಮಾಣಪತ್ರವೇ ಆಧಾರ.

ಇನ್ನೊಂದು ಸಂಗತಿ ನಮ್ಮ ಕಡೆಯವರು ಮರೆಯುದು ಜಾಸ್ತಿ. ಮಗು ಎಲ್ಲಿ ಹುಟ್ಟಿತೋ ಅಲ್ಲಿ ನೋಂದಣಿ, ಮನೆ ಎಲ್ಲಿದೆ ಅನ್ನುದು ಲೆಕ್ಕ ಅಲ್ಲ. ಮಂಜೇಶ್ವರ, ಉಪ್ಪಳ, ಪೆರ್ಲದವರು ಹೆರಿಗೆಗೆ ಮಂಗಳೂರಿಗೆ ಹೋದ್ರೆ ಸರ್ಟಿಫಿಕೇಟ್ ಕರ್ನಾಟಕದ್ದು, ಕನ್ನಡ ಮತ್ತೆ ಇಂಗ್ಲಿಷಲ್ಲಿ. ಕಾಸರಗೋಡು, ಕಾಞಂಗಾಡಲ್ಲಿ ಆದ್ರೆ ಕೇರಳದ್ದು, ಮಲಯಾಳ ಮತ್ತೆ ಇಂಗ್ಲಿಷಲ್ಲಿ. ಹೆಸರು ಸೇರಿಸ್ಲಿಕ್ಕೂ ಅದೇ ಕಡೆ ಹೋಗ್ಬೇಕು.

## ಮಾತು ಬಂದಾಗ

"ಇದೆಂತ ಹೆಸರು!" ಅಂದ ಕೂಡ್ಲೆ ಬಾಯಿ ಕಟ್ಟಿ ಹೋಗ್ತದೆ, ಆ ಹೊತ್ತಿಗೆ ಎಂತ ಹೇಳುದು?

ತುಳುವಲ್ಲಿ "ಉಂದು ಎಂಚಿನ ಪುದರ್?" ಅಂತ ಕೇಳಿದ್ರೂ ಮಲಯಾಳದಲ್ಲಿ "ಇದೆಂತ್ ಪೇರ್?" ಅಂದ್ರೂ ಉತ್ತರ ಒಂದೇ ವಾಕ್ಯದ್ದಾಗಿರಲಿ. "ಇಳಾ ಅಂದ್ರೆ ಭೂಮಿ, ನಮಗೆ ಇಬ್ಬರಿಗೂ ತುಂಬ ಇಷ್ಟ ಆಯ್ತು." ಅಲ್ಲಿಗೆ ನಿಲ್ಲಿಸಿ ಮಗುವನ್ನು ಅವರ ಕೈಗೆ ಕೊಡಿ. ಉದ್ದ ವಿವರಣೆ ಕೊಟ್ಟಷ್ಟು ನೀವು ಒಪ್ಪಿಗೆ ಬೇಡ್ತಾ ಇದ್ದೀರಿ ಅಂತ ಕಾಣ್ತದೆ. ಪುರಾಣದಲ್ಲಿ ಮನುವಿನ ಮಗಳು, ಇಳೆ ಅನ್ನುವ ಕನ್ನಡ ಪದ ಅದರಿಂದಲೇ ಬಂದದ್ದು ಅಂತೆಲ್ಲ ನಾನು ಬಂದವರಿಗೆಲ್ಲ ಹೇಳ್ತಿದ್ದೆ, ಯಾರಿಗೂ ಅದು ಬೇಕಿರಲಿಲ್ಲ.

ಅತ್ತೆ ನಾವಿಟ್ಟ ಹೆಸರು ಬಾಯಲ್ಲಿ ಹೇಳುದೇ ಇಲ್ಲ, ಅವರದ್ದೇ ಒಂದು ಹೆಸರಲ್ಲಿ ಕರೀತಾರೆ, ನನಗೆ ಉರಿದು ಹೋಗ್ತದೆ.

ಆ ಉರಿ ನನಗೆ ಗೊತ್ತು. ನಮ್ಮ ಅತ್ತೆ ಮೊದಲ ದಿನವೇ ಹೇಳಿದ್ದು, "ಕೂಸಿನ ಇಲ್ಲೆ ಇಲ್ಲೆ ಹೇಳಿ ದಿನಿಗೇಳುದೋ?" ನಮ್ಮ ಹವ್ಯಕ ಭಾಷೆಯಲ್ಲಿ ಇಲ್ಲೆ ಅಂದ್ರೆ ಇಲ್ಲ, ದಿನಿಗೇಳುದು ಅಂದ್ರೆ ಕರೆಯುದು. ಇಳಾ, ಇಳಾ ಅಂತ ಬೇಗ ಬೇಗ ಕೂಗಿದ್ರೆ ಅವರ ಕಿವಿಗೆ ಇಲ್ಲ, ಇಲ್ಲ ಅಂತ ಕೇಳ್ತಿತ್ತು, ಮನೆಗೆ ಮೊದಲ ಮೊಮ್ಮಗಳು ಬಂದಾಗ ಯಾರಾದ್ರೂ ಇಲ್ಲ ಅಂತ ಕೂಗ್ತಾರಾ ಅಂತ ಅವರ ಸಂಕಟ. ನಾನು ಅದನ್ನು ಹಠ ಅಂದುಕೊಂಡೆ, ಅದು ಹೆದರಿಕೆ ಅಂತ ಗೊತ್ತಾಗ್ಲಿಕ್ಕೆ ನನಗೆ ತಿಂಗಳುಗಳು ಹಿಡಿದವು.

ಹಾಗಾಗಿ ಮೊದಲು ಕೇಳಿ ನೋಡಿ, ಕೋಪ ಇಲ್ಲದೆ, ಅಡುಗೆಮನೆಯಲ್ಲಿ ಇಬ್ಬರೇ ಇರುವಾಗ: ಅತ್ತೆ, ಆ ಹೆಸರು ನಿಮಗೆ ಯಾಕೆ ಬೇಡ ಅನಿಸ್ತದೆ? ಬರುವ ಉತ್ತರ ಮೂರಲ್ಲಿ ಒಂದಾಗಿರ್ತದೆ, ಉಚ್ಚಾರಕ್ಕೆ ಬರುದಿಲ್ಲ, ಕೇಳ್ಲಿಕ್ಕೆ ಅಪಶಕುನ, ಇಲ್ಲಾ ನನ್ನನ್ನು ಕೇಳ್ಲಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ.

ಇನ್ನು ಅವರದ್ದೇ ಹೆಸರಲ್ಲಿ ಕರೆಯುದು ನಿಜವಾಗಿ ತೊಂದರೆ ಅಲ್ಲ. ನಮ್ಮಲ್ಲಿ ಯಾವ ಮಗುವಿಗೆ ಒಂದೇ ಹೆಸರು ಇತ್ತು ಹೇಳಿ? ಪುಟ್ಟ, ಅಪ್ಪು, ಚಿನ್ನು, ಕುಂಞಿ ಇಲ್ಲದ ಮನೆ ಉಂಟಾ? ಗಂಡನ ಹೆಸರು, ಮಾವನ ಹೆಸರು ಹೇಳಬಾರದು ಅನ್ನುವ ಕಾಲದಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟು, ಅಜ್ಜಿ ಅದನ್ನು ಬಾಯಲ್ಲಿ ಹೇಳ್ಲಿಕ್ಕಾಗದೆ ಅಪ್ಪಣ್ಣ ಅಂತ ಕರೆದು ಕರೆದು, ಕಡೆಗೆ ಊರಿಗೇ ಅಪ್ಪಣ್ಣ ಆದವರು ನಮ್ಮ ಕುಟುಂಬದಲ್ಲೇ ಇದ್ದಾರೆ. ಗೆರೆ ಎಲ್ಲಿ ಎಳೀಬೇಕು ಅಂದ್ರೆ, ಪ್ರೀತಿಗೆ ಇನ್ನೊಂದು ಹೆಸರು ಕರೆದ್ರೆ ಇರಲಿ, ಬಂದವರಿಗೆ "ಇದರ ಹೆಸರು ಇದು" ಅಂತ ಬೇರೆ ಹೆಸರು ಪರಿಚಯ ಮಾಡಿದ್ರೆ ಅಲ್ಲೇ ಮೆಲ್ಲ ತಿದ್ದಿ. ನಮ್ಮ ಅತ್ತೆಗೆ ಮಗಳು ಇವತ್ತಿಗೂ "ಅಮ್ಮಾಳು", ನನಗೆ ಈಗ ಅದು ಕೇಳದಿದ್ರೆ ಮನೆ ಖಾಲಿ ಅನಿಸ್ತದೆ.

ಮೊದಲ ಗಂಡುಮಗುವಿಗೆ ಅಜ್ಜನ ಹೆಸರೇ ಇಡ್ಬೇಕು ಅಂತ ಮಾವ ಹಿಡಿದಿದ್ದಾರೆ, ನಮಗೆ ಅದು ಹಳೆ ಹೆಸರು ಅನಿಸ್ತದೆ.

ಇಲ್ಲಿ ಶಾಸ್ತ್ರವೇ ನಿಮ್ಮ ಸಹಾಯಕ್ಕೆ ಬರ್ತದೆ. ನಾಮಕರಣದಲ್ಲಿ ಇಡುದು ಒಂದೇ ಹೆಸರಲ್ಲ, ದೇವತಾ ನಾಮ, ಮಾಸ ನಾಮ, ನಕ್ಷತ್ರ ನಾಮ, ವ್ಯಾವಹಾರಿಕ ನಾಮ ಅಂತ ನಾಲ್ಕು ಉಂಟು. ಸರ್ಟಿಫಿಕೇಟಿಗೆ ಹೋಗುದು ಕಡೆಯದ್ದು ಮಾತ್ರ. ಅಜ್ಜನ ಹೆಸರು ದೇವರ ಹೆಸರೇ ಆಗಿದ್ರೆ ಅದನ್ನು ದೇವತಾ ನಾಮ ಮಾಡ್ಲಿಕ್ಕೆ ಆಗ್ತದಾ ಅಂತ ಪುರೋಹಿತರ ಹತ್ರ ಮೊದಲೇ ಮಾತಾಡಿ, ಮಗುವಿನ ಕಿವಿಯಲ್ಲಿ ಆ ಹೆಸರು ಹೇಳುವ ಕೆಲಸವನ್ನು ಮಾವನಿಗೇ ಕೊಡಿ. ಒಂದು ಮನೆಯಲ್ಲಿ ಹೀಗೆ ಮಾಡಿದ್ದನ್ನು ಹತ್ತಿರ ನಿಂತು ನೋಡಿದ್ದೇನೆ, ಮಗುವಿನ ಕಿವಿಗೆ ವೀಳ್ಯದೆಲೆ ಅಡ್ಡ ಹಿಡಿದು ತನ್ನ ಅಪ್ಪನ ಹೆಸರು ಹೇಳುವಾಗ ಆ ಅಜ್ಜನ ಸ್ವರ ಅರ್ಧಕ್ಕೆ ನಿಂತಿತು, ಎರಡನೇ ಸಲ ಹೇಳ್ಬೇಕಾಯ್ತು. ಆಮೇಲೆ ಮಗುವನ್ನು "ವಿಹಾನ್" ಅಂತ ಕರೆದ್ರೆ ಅವರು ಒಂದು ಮಾತು ಆಡ್ಲಿಲ್ಲ.

ಅದೂ ಒಪ್ಪದಿದ್ರೆ ಹೆಸರಿನ ಒಂದು ತುಂಡು ತೆಗೊಳ್ಳಬಹುದು. ವೆಂಕಟರಮಣ ಅಜ್ಜನ ಮೊಮ್ಮಗ ರಮಣ್ ಆಗಬಹುದು, ಶಂಕರನಾರಾಯಣರ ಮೊಮ್ಮಗ ಶಂಕರ್ ಆಗಬಹುದು. ಹಳೆ ಹೆಸರು ಅಂತ ಪೂರ್ತಿ ತಳ್ಳುವ ಮೊದಲು ಒಂದು ವಾರ ಮನೆಯಲ್ಲಿ ಆ ಹೆಸರಲ್ಲಿ ಕರೆದು ನೋಡಿ, ಕೆಲವು ಹೆಸರು ಮಗುವಿನ ಮೇಲೆ ಕೂತಾಗ ಹೊಸದಾಗಿ ಕೇಳ್ತದೆ.

ನಕ್ಷತ್ರದ ಅಕ್ಷರಕ್ಕೆ ಇಟ್ಟಿಲ್ಲ, ಮಗುವಿಗೆ ಒಳ್ಳೇದಾಗುದಿಲ್ಲ ಅಂತ ದೊಡ್ಡಮ್ಮ ಹೋದಲ್ಲೆಲ್ಲ ಹೇಳ್ತಾರೆ.

ನನ್ನ ತಮ್ಮನ ಮಗನದ್ದು ಆರ್ದ್ರಾ ನಕ್ಷತ್ರ ಮೂರನೇ ಪಾದ. ಆರ್ದ್ರೆಗೆ ಬರುವ ಅಕ್ಷರಗಳು ಕು, ಘ, ಙ, ಛ. ಮೂರನೇ ಪಾದಕ್ಕೆ ಙ. ಙ ಅಕ್ಷರದಲ್ಲಿ ಶುರು ಆಗುವ ಒಂದು ಹೆಸರು ಹೇಳಿ ನೋಡುವ! ಉತ್ತರಾಭಾದ್ರೆಯ ಕಡೇ ಪಾದಕ್ಕೆ ಞ ಬರ್ತದೆ, ಅದೂ ಅಷ್ಟೇ ಕಷ್ಟ. ಹಿರಿಯರಿಗೆ ಇದು ಗೊತ್ತಿತ್ತು, ಅದಕ್ಕೇ ನಕ್ಷತ್ರ ನಾಮ ಬೇರೆ, ಕರೆಯುವ ಹೆಸರು ಬೇರೆ ಅಂತ ಇಟ್ಟದ್ದು. ದೊಡ್ಡಮ್ಮನಿಗೆ "ನಕ್ಷತ್ರ ನಾಮ ಪುರೋಹಿತರು ಕಿವಿಯಲ್ಲಿ ಹೇಳಿ ಆಗಿದೆ, ಜಾತಕದಲ್ಲಿ ಉಂಟು" ಅಂತ ಹೇಳಿ. ನಾಮಕರಣದಲ್ಲಿ ಅದನ್ನು ಮಾಡಿಸದಿದ್ರೆ ಈಗ್ಲೂ ಜೋಯಿಸರ ಹತ್ರ ಕೇಳಿ ಮಾಡಿಸಬಹುದು. ನೀವು ನಂಬದಿದ್ರೂ ದೊಡ್ಡಮ್ಮ ನಂಬ್ತಾರಲ್ಲ, ಅವರ ಹೆದರಿಕೆ ತೆಗೆಯುದಕ್ಕೆ ಹತ್ತು ನಿಮಿಷ ಕೊಟ್ರೆ ನಷ್ಟ ಇಲ್ಲ.

## ನಮ್ಮೂರಿನ ಭಾಷೆಗಳು, ಸ್ಪೆಲ್ಲಿಂಗು

ನಾವು ಇಷ್ಟಪಟ್ಟು ಆರಿಸಿದ ಹೆಸರಿಗೆ ಮಲಯಾಳದಲ್ಲಿ ಬೇರೆ ಅರ್ಥ ಉಂಟಂತೆ, ಚಿಕ್ಕಮ್ಮ ನಗ್ತಾ ಇದ್ದಾರೆ.

ಚಿಕ್ಕಮ್ಮ ನಗ್ತಾರೆ ಅಂತ ಸಿಟ್ಟು ಮಾಡ್ಬೇಡಿ, ಈ ಒಂದು ವಿಷಯದಲ್ಲಿ ಟೀಕೆ ಮಾಡುವವರ ಮಾತು ಗಮನ ಕೊಟ್ಟು ಕೇಳ್ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಬೆಂಗಳೂರಲ್ಲಿ ಹೆಸರಿಡುವವರಿಗೆ ಒಂದೋ ಎರಡೋ ಭಾಷೆಯ ಕಿವಿ ಸಾಕು. ಕಾಸರಗೋಡಲ್ಲಿ ಮಗು ಗೇಟು ದಾಟಿದ್ರೆ ತುಳು, ಅಂಗಡಿಯಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ ಭಾಷೆ, ಆಚೆ ಬದಿ ಕೊಂಕಣಿಯೋ ಮರಾಠಿಯೋ.

ನನ್ನ ಕಿವಿಗೆ ಬಿದ್ದವು ಕೆಲವು. ಇವಾನ್ ಅಂತ ಈಗ ತುಂಬ ಜನ ಇಡ್ತಾರೆ, ಮಲಯಾಳದಲ್ಲಿ ಇವನ್ ಅಂದ್ರೆ ಈ ಹುಡುಗ, ಇವನು. "ಹೆಸರೆಂತ?" "ಇವಾನ್." "ಇವನ್ದೇ ಕೇಳಿದ್ದು, ಹೆಸರೆಂತ?" ಹೀಗೆ ನಿಜವಾಗಿ ಆಗ್ತದೆ. ಆರವನನ್ನು ಪ್ರೀತಿಯಿಂದ ಆರು ಅಂತ ಕರೆದ್ರೆ ಮಲಯಾಳದವರಿಗೂ ಹವ್ಯಕರಿಗೂ ಅದು "ಯಾರು?" ಅನ್ನುವ ಪ್ರಶ್ನೆ. ಆನಾ ಅಂತ ಹುಡುಗಿಗೆ ಇಟ್ರೆ ಮಲಯಾಳದಲ್ಲಿ ಆನ ಅಂದ್ರೆ ಆನೆ, ಕ್ಲಾಸಿನ ಮಕ್ಕಳು ಬಿಡ್ತಾರಾ? ಮಯೂರ ಎಷ್ಟು ಚಂದದ ಹೆಸರು, ಆದ್ರೆ ಒಂದು ಸ್ವರ ತಿರುಚಿದ್ರೆ ಮಲಯಾಳದಲ್ಲಿ ಕೆಟ್ಟ ಬೈಗುಳ ಆಗ್ತದೆ. ನನ್ನ ಮಗಳದ್ದೂ ಹಾಗೇ, ಇಲ ಅಂದ್ರೆ ಮಲಯಾಳದಲ್ಲಿ ಎಲೆ, ತುಳುವಲ್ಲಿ ಇಲ್ಲ್ ಅಂದ್ರೆ ಮನೆ, ಕನ್ನಡದಲ್ಲಿ ಇಲ್ಲ ಅಂದ್ರೆ ಇಲ್ಲ.

ತೂಕ ಮಾಡುದು ಹೇಗೆ ಅಂದ್ರೆ, ಇನ್ನೊಂದು ಭಾಷೆಯ ಅರ್ಥ ನಿರಪಾಯದ್ದಾ, ಅವಮಾನದ್ದಾ ನೋಡಿ. ಎಲೆ, ಮನೆ ಅಂದ್ರೆ ಮಗು ನಾಳೆ ತಾನೇ ಸಂತೋಷದಿಂದ ಹೇಳಿಕೊಳ್ತದೆ. ಬೈಗುಳ ಆದ್ರೆ ಆ ಮಗು 12 ವರ್ಷ ಶಾಲೆಯಲ್ಲಿ ಕೇಳ್ಬೇಕು, ನಾನು ಟೀಚರಾಗಿ ಹೇಳ್ತೇನೆ, ನಮಗೆ ಎಲ್ಲ ಸಲ ತಡೀಲಿಕ್ಕೆ ಆಗುದಿಲ್ಲ. ಹೆಸರು ಗಟ್ಟಿ ಮಾಡುವ ಮೊದಲು ತೋಟದ ಆಚೆ ಕೊಡಿಯಿಂದ ಒಬ್ಬರು ಅದನ್ನು ಜೋರಾಗಿ ಕೂಗಲಿ, ನೀವು ಅಂಗಳದಲ್ಲಿ ನಿಂತು ಕೇಳಿ, ಮತ್ತೆ ಒಬ್ಬ ಮಲಯಾಳಿ, ಒಬ್ಬ ತುಳು ಮಾತಾಡುವವರ ಹತ್ರ ಹೇಳಿಸಿ.

ಇಂಗ್ಲಿಷಲ್ಲಿ ಟಿ ಹಾಕುದಾ, ಟಿ-ಎಚ್ ಹಾಕುದಾ ಅಂತಲೇ ಎರಡು ಮನೆಯವರಿಗೆ ಜಗಳ.

ಇಲ್ಲಿ ಇರುವವರಾದ್ರೆ ಟಿ-ಎಚ್. ಕೇರಳದಲ್ಲಿ ತ ಅನ್ನುದಕ್ಕೆ ಟಿ-ಎಚ್ ಬರೆಯುದು ರೂಢಿ, ಬರೀ ಟಿ ಕಂಡ್ರೆ ಟ ಅಂತ ಓದ್ತಾರೆ, ಅದಿತಿ ಅಡಿಟಿ ಆಗ್ತಾಳೆ. ಳ ಇರುವ ಹೆಸರಿಗೆ ಇಂಗ್ಲಿಷಲ್ಲಿ ದಾರಿಯೇ ಇಲ್ಲ, ಐ-ಎಲ್-ಎ ಅಂತ ಬರೆದ್ರೆ ಇಳ, ಇಲ, ಈಲ ಯಾವುದೂ ಆಗಬಹುದು. ನಮಗೆ ಹಾಗೇ ಆಯ್ತು, ಮೊದಲ ಸಲ ಬಂದ ಕಾಗದದಲ್ಲಿ ಮಲಯಾಳ ಅಕ್ಷರದಲ್ಲಿ ಇಲ ಅಂತ ಇತ್ತು, ಮಗಳು ಎಲೆ ಆಗಿದ್ದಳು, ಪುನಃ ಹೋಗಿ ತಿದ್ದಿಸ್ಬೇಕಾಯ್ತು. ಹಾಗಾಗಿ ಅರ್ಜಿ ಕೊಡುವಾಗ ಒಂದು ಚೀಟಿಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ದೊಡ್ಡಕ್ಕೆ ಬರೆದು ಕೈಯಲ್ಲಿ ಹಿಡ್ಕೊಳ್ಳಿ, ಮಲಯಾಳ ಓದ್ಲಿಕ್ಕೆ ಬರುವವರನ್ನು ಜೊತೆಗೆ ಕರ್ಕೊಂಡು ಹೋಗಿ, ಫೈನಲ್ ಆಗುವ ಮೊದಲು ಓದಿಸಿ ನೋಡಿ. ಗಂಡುಮಕ್ಕಳ ಹೆಸರಿನ ಕೊನೆಗೆ ಎ ಇಟ್ರೆ ಇಲ್ಲಿ ಹುಡುಗಿ ಅಂದುಕೊಳ್ಳುದೂ ಉಂಟು, ಅದನ್ನೂ ಮೊದಲೇ ಯೋಚಿಸಿ.

ಕೇರಳದಲ್ಲಿ ಇದ್ದುಕೊಂಡು ಅಚ್ಚ ಕನ್ನಡ ಹೆಸರು ಯಾಕೆ, ಮಗುವಿಗೆ ಮುಂದೆ ತೊಂದರೆ ಅಂತಾರೆ. ಹೌದಾ?

ಇಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿ ಇದ್ದೇವೆ, ಅಷ್ಟೂ ಕಾಲ ನಮ್ಮ ಹೆಸರುಗಳು ನಮ್ಮೊಟ್ಟಿಗೇ ಇದ್ದಾವೆ. ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರೇ ನೋಡಿ, 1915ರಲ್ಲಿ ಹುಟ್ಟಿ ನೂರು ವರ್ಷ ಬಾಳಿದವರು. ಕನ್ನಡದ ಬೇರೆ ಊರಿನ ಮಕ್ಕಳು ಞ ಅಕ್ಷರವನ್ನು ವರ್ಣಮಾಲೆಯಲ್ಲಿ ಬಿಟ್ರೆ ಎಲ್ಲೂ ಕಾಣುದಿಲ್ಲ, ನಮ್ಮ ಮಕ್ಕಳಿಗೆ ನಾನು ಞ ಕಲಿಸುವಾಗ ಬೋರ್ಡಿನಲ್ಲಿ ಕಿಞ್ಞಣ್ಣ ರೈಗಳ ಹೆಸರು ಬರೀತೇನೆ. ಹೊರಗಿನವರಿಗೆ ಉಚ್ಚಾರಕ್ಕೆ ಬಾರದ ಹೆಸರು ಅಂತ ಅವರು ಬದಲಾಯಿಸಿಕೊಳ್ಳಲಿಲ್ಲ. ತೊಂದರೆ ಬರುದು ಹೆಸರು ಕನ್ನಡದ್ದು ಅಂತ ಅಲ್ಲ, ಒಂದೊಂದು ದಾಖಲೆಯಲ್ಲಿ ಒಂದೊಂದು ಸ್ಪೆಲ್ಲಿಂಗ್ ಇದ್ದಾಗ.

## ಬಿಗಡಾಯಿಸಿದಾಗ

ನನ್ನ ಗಂಡ ಒಪ್ಪಿದ್ದ ಹೆಸರಿಗೆ ಈಗ ಅವರ ಅಮ್ಮನ ಎದುರು "ನನಗೂ ಅಷ್ಟು ಇಷ್ಟ ಇಲ್ಲ" ಅಂತಾರೆ.

ಇದು ಹೆಸರಿನ ಪ್ರಶ್ನೆ ಅಲ್ಲ, ನಿಮ್ಮಿಬ್ಬರ ಮಾತು, ಅತ್ತೆಯೊಟ್ಟಿಗೆ ಮುಂದುವರಿಸುವ ಮೊದಲು ಇದನ್ನು ಮುಗಿಸಿ. ಅವರಿಗೆ ನಿಜವಾಗಿ ಇಷ್ಟ ಇಲ್ಲವಾದ್ರೆ ಹೆಸರು ಬದಲಾಗಬೇಕು, ಅಪ್ಪನಿಗೆ ಹಿಡಿಸದ ಹೆಸರು ಮಗುವಿಗೆ ಬೇಡ. ಇಷ್ಟ ಉಂಟು, ಅಮ್ಮನಿಗೆ ಎದುರು ಹೇಳ್ಲಿಕ್ಕೆ ಆಗುದಿಲ್ಲ ಅಂತಾದ್ರೆ ಒಂದು ಒಪ್ಪಂದ ಮಾಡ್ಕೊಳ್ಳಿ: ಅವರವರ ಮನೆಯವರಿಗೆ ಅವರವರೇ ಉತ್ತರ ಹೇಳುದು. ಅತ್ತೆಗೆ ನೀವು ಹೇಳಿದ್ರೆ ಸೊಸೆಯ ಸೊಕ್ಕು, ಮಗ ಹೇಳಿದ್ರೆ ಮಗನ ಮಾತು.

ನಾದಿನಿ ತನ್ನ ಮಗುವಿಗೆ ಇಡ್ಬೇಕು ಅಂತಿದ್ದ ಹೆಸರು ನಾವು ಕದ್ದೆವಂತೆ.

ನಿಮಗೆ ಮೊದಲು ಗೊತ್ತಿತ್ತಾ? ಗೊತ್ತಿದ್ದೂ ಇಟ್ಟಿದ್ರೆ ಹೋಗಿ ಕ್ಷಮೆ ಕೇಳಿ, ಸರ್ಟಿಫಿಕೇಟಿಗೆ ಹೋಗದಿದ್ರೆ ಬದಲಾಯಿಸಿ. ಗೊತ್ತಿರದಿದ್ರೆ ಹಾಗಂತ ಒಂದು ಸಲ ಹೇಳಿ ಬಿಡಿ, ಒಂದೇ ಕುಟುಂಬದಲ್ಲಿ ಇಬ್ಬರು ಅನನ್ಯ ಇದ್ರೆ ಊರು ಮುಳುಗುದಿಲ್ಲ.

ಮಗುವಿಗೆ ಈಗ ನಾಲ್ಕು ವರ್ಷ, ಅದರ ಎದುರೇ "ನಿನ್ನ ಹೆಸರು ಚಂದ ಇಲ್ಲ" ಅಂತಾರೆ.

ಇದನ್ನು ಮಾತ್ರ ನಾನು ಒಂದು ಸಲಕ್ಕೂ ಬಿಡುದಿಲ್ಲ, ನೀವೂ ಬಿಡ್ಬೇಡಿ. ಅಷ್ಟರವರೆಗೆ ಅದು ನೀವು ಆರಿಸಿದ ಹೆಸರು, ಈಗ ಅದು ಮಗುವಿನ ಹೆಸರು. ನನ್ನ ಕ್ಲಾಸಿನಲ್ಲಿ ಒಂದು ಹುಡುಗಿ ಹಾಜರಿ ಕರೆಯುವಾಗ ತಲೆ ತಗ್ಗಿಸಿ ಸ್ವರವೇ ಬಾರದ ಹಾಗೆ "ಎಸ್ ಟೀಚರ್" ಹೇಳ್ತಿದ್ದಳು, ವಾರಗಳ ನಂತರ ಗೊತ್ತಾಯ್ತು, ಮನೆಯಲ್ಲಿ ಮಾವ ಒಬ್ಬರು ಆ ಹೆಸರಿಗೆ ದಿನಾ ತಮಾಷೆ ಮಾಡ್ತಿದ್ರು. ನಾನು ಆ ಹೆಸರಿನ ಅರ್ಥ ಬೋರ್ಡಿನಲ್ಲಿ ಬರೆದು ಎಲ್ಲ ಮಕ್ಕಳ ಹೆಸರಿನ ಅರ್ಥವನ್ನೂ ಒಂದೊಂದು ದಿನ ಬರೆಸಿದೆ.

ಮಗುವಿನ ಎದುರು ಹಿರಿಯರೊಟ್ಟಿಗೆ ಜಗಳ ಬೇಡ. ಮಗುವಿನ ಕಡೆ ತಿರುಗಿ "ನಿನ್ನ ಹೆಸರು ಅಮ್ಮನಿಗೆ ಅಪ್ಪನಿಗೆ ತುಂಬ ಇಷ್ಟ, ಅದಕ್ಕೇ ಇಟ್ಟದ್ದು" ಅಂತ ಅವರಿಗೂ ಕೇಳುವ ಹಾಗೆ ಹೇಳಿ. ಆಮೇಲೆ ಅವರನ್ನು ಬದಿಗೆ ಕರೆದು ಹೇಳಿ, ನನ್ನ ಹತ್ರ ಏನು ಬೇಕಾದ್ರೂ ಹೇಳಿ, ಮಗುವಿನ ಹತ್ರ ಬೇಡ. ಅದೂ ಕೇಳದಿದ್ರೆ ಆ ಮನೆಗೆ ಮಗುವನ್ನು ಕರ್ಕೊಂಡು ಹೋಗುದು ಕಡಿಮೆ ಮಾಡಿ.

ಎಲ್ಲರ ಮಾತು ಕೇಳಿ ಕೇಳಿ ನಮಗೇ ಹೆಸರು ಬೇಡ ಅನಿಸ್ಲಿಕ್ಕೆ ಶುರು ಆಗಿದೆ, ಬದಲಾಯಿಸಬಹುದಾ?

ಮೂರು ವಾರ ಯಾರ ಹತ್ರವೂ ಹೆಸರಿನ ಮಾತು ಎತ್ತದೆ ಇರಿ. ರಾತ್ರಿ ಮಗುವನ್ನು ಮಲಗಿಸುವಾಗ, ಯಾರೂ ಇಲ್ಲದಾಗ, ನಿಮ್ಮ ಬಾಯಿಗೆ ತಾನಾಗಿ ಯಾವ ಹೆಸರು ಬರ್ತದೆ ನೋಡಿ. ಅಲ್ಲೂ ಆ ಹೆಸರು ನಾಲಗೆಗೆ ಏಳದಿದ್ರೆ ಬದಲಾಯಿಸಿ, ಅದರಲ್ಲಿ ಸೋಲು ಇಲ್ಲ.

ಕಾಗದದ ಮಟ್ಟಿಗೆ ಹೇಳುದಾದ್ರೆ ಹೆಸರಿನ ಜಾಗ ಖಾಲಿ ಇದ್ರೆ ಸುಲಭ, ಒಮ್ಮೆ ತುಂಬಿದ ಮೇಲೆ ಅಕ್ಷರ ತಪ್ಪು ತಿದ್ದುದು ಬೇರೆ, ಹೆಸರನ್ನೇ ಬದಲಿಸುದು ಬೇರೆ, ಎರಡನೆಯದಕ್ಕೆ ಓಡಾಟ ಜಾಸ್ತಿ. ಆಧಾರ್ ಕಾರ್ಡಿನಲ್ಲಿ ಹೆಸರು ಜೀವಮಾನದಲ್ಲಿ 2 ಸಲ ಮಾತ್ರ ಬದಲಾಯಿಸ್ಲಿಕ್ಕೆ ಬಿಡುದು, ಅದನ್ನು ಮಗುವಿನ ದೊಡ್ಡ ವಯಸ್ಸಿಗೆ ಉಳಿಸಿ. ಹಾಗಾಗಿ ಮನಸ್ಸು ಗಟ್ಟಿ ಆಗುವ ತನಕ ಆಧಾರ್ ಮಾಡಿಸ್ಲಿಕ್ಕೆ ಅವಸರ ಬೇಡ.

ಹೆಸರಿನ ವಿಷಯಕ್ಕೆ ಚಿಕ್ಕಪ್ಪ ಮಾತೇ ಬಿಟ್ಟಿದ್ದಾರೆ, ನಾಮಕರಣದ ಊಟಕ್ಕೂ ಕೂರದೆ ಹೋದ್ರು. ನಾವೇ ಮೊದಲು ಹೋಗ್ಬೇಕಾ?

ಹೋಗಿ. ಹೆಸರು ಬಿಟ್ಟುಕೊಡ್ಲಿಕ್ಕೆ ಅಲ್ಲ, ಮಗುವನ್ನು ತೋರಿಸ್ಲಿಕ್ಕೆ. ಮಧೂರು ಗಣಪತಿ ದೇವಸ್ಥಾನಕ್ಕೆ ಹೋಗಿ ಬರುವ ದಾರಿಯಲ್ಲಿ ಅಲ್ಲಿನ ಪ್ರಸಾದ, ಅಪ್ಪ ಅನ್ನುವ ಸಿಹಿತಿಂಡಿ, ಹಿಡ್ಕೊಂಡು ಅವರ ಮನೆಗೆ ಹತ್ತಿ, ಕಾಲು ಗಂಟೆ ಕೂತು ಬನ್ನಿ, ಹೆಸರಿನ ಮಾತು ನೀವಾಗಿ ತೆಗೀಬೇಡಿ. ಬಾಗಿಲು ತೆಗೀದಿದ್ರೆ ತಿಂಗಳಿಗೊಂದು ಫೋಟೋ ಕಳಿಸಿ, ಕೆಳಗೆ ಹೆಸರು ಬರೀಬೇಡಿ, "ಹಲ್ಲು ಬಂತು", "ನಿಂತಳು" ಅಂತ ಅಷ್ಟೇ.

ನಮ್ಮಲ್ಲೂ ಒಬ್ಬರು ಹೀಗೆ ಎದ್ದು ಹೋಗಿದ್ರು. ಎಂಟು ತಿಂಗಳು ಆಗಿತ್ತು, ಒಂದು ಭಾನುವಾರ ಅಡಿಕೆ ಸುಲಿಯುವ ಹೊತ್ತಿಗೆ ಮೆಟ್ಟಿಲ ಹತ್ರ ಚಪ್ಪಲಿ ಬಿಡುವ ಸದ್ದು ಕೇಳಿತು, ನೋಡಿದ್ರೆ ಅವರು, ಕೈಯಲ್ಲಿ ತೊಟ್ಟಿಲಿಗೆ ಕಟ್ಟುವ ಮರದ ಗಿಣಿ. ತೊಟ್ಟಿಲಿನ ಪ್ರಾಯ ಮಗಳಿಗೆ ಮುಗಿದಿತ್ತು, ಅವಳು ಅಂಗಳದಲ್ಲಿ ಅಂಬೆಗಾಲಿಡ್ತಿದ್ದಳು. "ಇದಾರು?" ಅಂತ ಅವಳ ಮುಖ ನೋಡಿ ಕೇಳಿದ್ರು, ಹೆಸರು ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ, ಒಳಗೆ ಹೋಗಿ ಊಟಕ್ಕೆ ಇನ್ನೊಂದು ಎಲೆ ಹಾಕಿದೆ.